ಮೇಷ್ಟ್ರ ಹಳೇ ಕಂಪ್ಯೂಟರಿಗೆ ಒಂದು ಕಂಪೈಲರ್

ಅಮ್ಮ ಹೋದ ಮೇಲಿನ ಆ ವರ್ಷ ನಮ್ಮ ಮನೆಯಲ್ಲಿ ನನ್ನನ್ನು ಏನಾದರೂ ಕೇಳುತ್ತಿದ್ದುದು ಕಂಪೈಲರ್ ಒಂದೇ. ನಾನು ಬರೆದ ಪ್ರೋಗ್ರಾಮನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತಿರುಗಿಸುವ ತಂತ್ರಾಂಶ ಅದು. ಎಲ್ಲಾದರೂ ಒಂದು ಅಕ್ಷರ ತಪ್ಪಿದರೆ ಆ ಸಾಲನ್ನು ಎತ್ತಿ ತೋರಿಸಿ, ನೀವು ಹೇಳಬೇಕೆಂದಿದ್ದು ಇದನ್ನೇ ಏನು ಎಂದು ಕೇಳುತ್ತಿತ್ತು. ಹೌದು, ಅದನ್ನೇ, ಎಂದು ನಾನು ಬಾಯಿಬಿಟ್ಟು ಉತ್ತರ ಕೊಟ್ಟಿದ್ದೂ ಉಂಟು. ಆಮೇಲೆ ಕೆಳಗಿನ ಮನೆಯವರಿಗೆ ಕೇಳಿಸಿತೋ ಏನೋ ಎಂದು ಸುಮ್ಮನಾಗುತ್ತಿದ್ದೆ.

ನಾನಿರುವುದು ಹೊಳೆನರಸೀಪುರದಲ್ಲಿ, ಬಾಡಿಗೆಗೆ ಹಿಡಿದ ಒಂದು ಮಹಡಿ ಮನೆಯಲ್ಲಿ. ಮೊದಲು ಹಾಸನದ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಮಾಡಿಕೊಂಡಿದ್ದೆ. ಅಮ್ಮ ಹಾಸಿಗೆ ಹಿಡಿದಾಗ ಅದನ್ನು ಬಿಟ್ಟು, ಮನೆಯಿಂದಲೇ ಪ್ರೋಗ್ರಾಂ ಬರೆದುಕೊಡುವ ಕೆಲಸ ಹಿಡಿದೆ. ನೀರಿನ ಪಂಪುಗಳ ಒಳಗೆ ಕೂತು ಅವನ್ನು ನಡೆಸುವ ಪುಟ್ಟ ಪ್ರೋಗ್ರಾಂಗಳು. ಬರೆಸಿಕೊಳ್ಳುವವರು ಎಲ್ಲೋ ದೂರದವರು. ಬೇಕಾದ್ದನ್ನು ಬರೆದು ತಿಳಿಸುತ್ತಾರೆ, ನಾನೂ ಬರೆದೇ ಉತ್ತರಿಸುತ್ತೇನೆ. ಅವರ ದನಿ ಹೇಗಿದೆಯೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಇರುವಷ್ಟು ದಿನ ಇದು ಗಮನಕ್ಕೇ ಬಂದಿರಲಿಲ್ಲ. ಅವಳು ಒಳಮನೆಯಿಂದ ಹೊತ್ತಿಗೊಮ್ಮೆ ಕೂಗುತ್ತಿದ್ದಳು. ಫ್ಯಾನು ಹಾಕು, ಫ್ಯಾನು ಆರಿಸು, ಬಾಗಿಲಲ್ಲಿ ಯಾರದು. ಅವಳು ಹೋದ ಮೇಲೆ, ಹಾಲು ತರುವವರಿಗೆ ‘ನಾಳೆ ಅರ್ಧ ಲೀಟರ್ ಸಾಕು’ ಎಂದು ಹೇಳಹೊರಟರೆ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ದುಃಖ ಉಕ್ಕಿ ಅಲ್ಲ. ಬಳಸದೆ ಬಿಟ್ಟ ಗಂಟಲು, ಅಷ್ಟೆ.

ಹೀಗಿರುವಾಗ ಕಣ್ಣು ತೋರಿಸಲೆಂದು ಹಾಸನದ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಕಣ್ಣಿಗೆ ಹನಿ ಹಾಕಿ ಹೊರಗೆ ಕೂರಿಸಿದ್ದರು. ಎದುರು ಬೆಂಚಿನಲ್ಲಿ ವಯಸ್ಸಾದವರೊಬ್ಬರು ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಮುಖ ಮಂಜಾಗಿ ಕಾಣುತ್ತಿತ್ತು. ಆದರೆ ಅವರ ಹತ್ತೂ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. ಹೆಬ್ಬೆರಳು ಆಗಾಗ ಒತ್ತುತ್ತಿತ್ತು, ಎಡಗೈ ಆಗಾಗ ಗಾಳಿಯಲ್ಲಿ ಏನನ್ನೋ ಬಲಕ್ಕೆ ತಳ್ಳಿ ಬರುತ್ತಿತ್ತು. ಟೈಪ್‌ರೈಟರಿನಲ್ಲಿ ಒಂದು ಸಾಲು ಮುಗಿದಾಗ ಮಾಡುವ ಕೆಲಸ ಅದು. ನಾನು ಎದ್ದು ಹತ್ತಿರ ಹೋದೆ.

ಅವರು ಅರಕಲಗೂಡಿನ ನಮ್ಮ ಟೈಪಿಂಗ್ ಮೇಷ್ಟ್ರು. ಅಪ್ಪನಿಗೆ ಅರಕಲಗೂಡಿಗೆ ವರ್ಗವಾಗಿದ್ದ ಕಾಲದಲ್ಲಿ, ಕಾಲೇಜು ಸೇರುವ ಮೊದಲು, ನಾನು ಅವರ ಬಳಿ ಕನ್ನಡ ಟೈಪಿಂಗ್ ಕಲಿತಿದ್ದೆ. ಯಂತ್ರಗಳ ಸದ್ದನ್ನೆಲ್ಲ ಮೀರಿ ಅವರ ದನಿ ಕೇಳುತ್ತಿತ್ತು. ‘ಬೆರಳ ನೋಡ್ಬ್ಯಾಡ, ಪೇಪರ್ ನೋಡು’ ಎಂದರೆ ನಾವೆಲ್ಲರೂ ನಮಗೇ ಅಂದುಕೊಂಡು ತಲೆ ಎತ್ತುತ್ತಿದ್ದೆವು. ತಪ್ಪು ಕಾಗುಣಿತ ಕಂಡರೆ ಹಾಳೆಯನ್ನೇ ಎಳೆದು ಹರಿಯುತ್ತಿದ್ದರು.

‘ಮೇಷ್ಟ್ರೇ’ ಎಂದೆ. ಅವರು ನೋಡಿದರು, ಗುರುತು ಹಿಡಿದರು. ಕೈಯೆತ್ತಿ, ನಾನು ಆಗ ಎಷ್ಟೆತ್ತರ ಇದ್ದೆ ಎಂಬುದನ್ನು ತೋರಿಸಿದರು. ಬಾಯಿ ತೆರೆಯಲಿಲ್ಲ. ಪಕ್ಕದಲ್ಲಿದ್ದ ಅವರ ಹೆಂಡತಿ ಹೇಳಿದರು.

‘ಮಾತಿಲ್ಲ ಕಣವ್ವ. ಗಂಟ್ಲಲ್ಲಿ ಗೆಡ್ಡೆ ಆಗಿತ್ತು, ದನಿಪೆಟ್ಟಿಗೆನೇ ತೆಗೆದ್ಬುಟ್ರು. ಗುಣ ಆಗ್ಯದೆ ಅಂತಾರೆ ಡಾಕ್ಟ್ರು, ಮಾತ್ ಮಾತ್ರ ಬರಾಕಿಲ್ಲ.’

ಗಂಟಲಿಗೆ ಒತ್ತಿಹಿಡಿದು ಮಾತಾಡುವ ಸಾಧನವೊಂದನ್ನು ಕೊಟ್ಟಿದ್ದರಂತೆ. ಚಿಕಿತ್ಸೆಯಿಂದ ಚರ್ಮ ಗಡುಸಾಗಿ ಅದು ಹೊಂದಲಿಲ್ಲ. ಬರೆದು ತೋರಿಸಬಹುದಲ್ಲ ಎಂದೆ ನಾನು. ಆಕೆ ಸೆರಗು ಸರಿಮಾಡಿಕೊಂಡರು.

‘ಬರೀತಾರೆ. ನಂಗೆಲ್ಲಿ ಓದಕ್ ಬತ್ತದೆ? ಪಕ್ಕದ್ಮನೆಯವ್ರ್ನ ಕರ್ದು ಓದಿಸ್ಬೇಕು. ಗಂಡ ಹೆಂಡ್ತಿ ಮಾತ್ನ ಪಕ್ಕದ್ಮನೆಯವ್ರ ಬಾಯಲ್ಲಿ ಕೇಳೋ ಅಂಗಾಯ್ತು ನೋಡು ನಮ್ ಬಾಳು. ಎಲ್ಲಾದ್ನೂ ಅವ್ರತ್ರ ಓದ್ಸಕ್ಕಾಯ್ತದಾ?’

ಮೇಷ್ಟ್ರು ನೆಲ ನೋಡುತ್ತಿದ್ದರು. ಬೆರಳುಗಳು ಮಾತ್ರ ಆಡುತ್ತಲೇ ಇದ್ದವು.

ಮುಂದಿನ ವಾರ ನಾನು ಅರಕಲಗೂಡಿಗೆ ಹೋದೆ. ಬೇರೆ ಕೆಲಸವೇನೂ ಇರಲಿಲ್ಲ. ಮಕ್ಕಳಿಲ್ಲದ ದಂಪತಿ ಅವರು. ಹಳೆಯ ಟೈಪಿಂಗ್ ಕ್ಲಾಸಿನ ಹಿಂದೆಯೇ ಮನೆ, ಅದರ ಹಿಂದೆ ಹಸುಗಳ ಕೊಟ್ಟಿಗೆ, ಆಚೆಗೆ ಯಾರದೋ ಶುಂಠಿ ಹೊಲ. ಕ್ಲಾಸು ನಿಂತು ಬಹಳ ಕಾಲವಾಗಿತ್ತು. ಒಂದು ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದರು. ಆ ಕೀಲಿಮಣೆಯ ಮೇಲೂ ಹಳೆಯ ಟೈಪ್‌ರೈಟರಿನ ಅಕ್ಷರಗಳ ಜೋಡಣೆಯೇ. ಅವರಿಗೆ ಬೇರೆಯದು ಕೈಗೆ ಹತ್ತುವುದಿಲ್ಲ. ಫೋನಿನ ಗಾಜಿನ ಮೇಲೆ ಆ ಬೆರಳುಗಳು ಒಂದನ್ನು ಒತ್ತಿದರೆ ಇನ್ನೊಂದು ಬೀಳುತ್ತಿತ್ತು. ಬರೆದದ್ದನ್ನು ಓದಿ ಹೇಳುವ ಏನನ್ನೋ ಪಕ್ಕದ ಮನೆಯವರು ತಮ್ಮ ಫೋನಿಗೇ ಹಾಕಿಕೊಟ್ಟಿದ್ದರಂತೆ. ಮೇಷ್ಟ್ರು ಅದನ್ನು ಒಂದು ದಿನ ನೋಡಿ, ತಿರುಗಿ ಅವರ ಕೈಗೇ ಕೊಟ್ಟುಬಿಟ್ಟರಂತೆ.

ಆಕೆ ಒಳಗಿದ್ದಾಗ ಮೇಷ್ಟ್ರಿಗೆ ಅಮ್ಮನ ವಿಷಯ ಹೇಳಿದ್ದೆ. ಅವರು ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡಿದರು. ನಾನು ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿದೆ. ‘ನಿಮ್ಮ ತಾಯಿಯವರು ಹೋದ ವಿಷಯ ತಿಳಿದಿರಲಿಲ್ಲ.’

‘ಅಯ್ಯೋ, ಯಾವಾಗವ್ವ?’ ಎಂದರು ಆಕೆ, ನನ್ನ ಕಡೆ ತಿರುಗಿ.

ಮೇಷ್ಟ್ರು ಇನ್ನೊಂದು ಸಾಲು ಹೊಡೆದರು. ನಾನು ಓದಿದೆ. ‘ಈಕೆಗೆ ಮಂಡಿ ನೋವು. ನನ್ನೊಡನೆ ಆಸ್ಪತ್ರೆಗೆ ಅಲೆದು ಹೆಚ್ಚಾಗಿದೆ.’

‘ಅಂಗೇನಿಲ್ಲ ಬುಡವ್ವ, ಇರ್ತದೆ ಈ ವಯಸ್ನಲ್ಲಿ’ ಎಂದು ಆಕೆ ನನಗೇ ಹೇಳಿದರು.

ಮೇಷ್ಟ್ರು ಆಮೇಲೆ ಟೈಪ್ ಮಾಡಲಿಲ್ಲ. ತಾನು ಹೇಳಿದ್ದಕ್ಕೆ ಹೆಂಡತಿ ಇನ್ನೊಬ್ಬರ ಮುಖ ನೋಡಿಕೊಂಡು ಉತ್ತರ ಕೊಡುತ್ತಿದ್ದಾಳೆ. ಇದು ಅವರಿಗೆ ಹೊಸದಲ್ಲ, ತಿಂಗಳುಗಳಿಂದ ಹೀಗೇ ನಡೆದಿದೆ. ಆದರೆ ನನಗೆ ಅದನ್ನು ಕಂಡು ಕೂತಲ್ಲಿ ಕೂರಲಾಗಲಿಲ್ಲ. ‘ಮೇಷ್ಟ್ರೇ, ಈ ಕಂಪ್ಯೂಟರೇ ಓದಿ ಹೇಳುವ ಹಾಗೆ ಮಾಡಬಹುದು’ ಎಂದೆ. ಅವರು ತಲೆ ಎತ್ತಿದರು.

ಬಾಯಿ ಬಿಟ್ಟು ಹೇಳಿದ ಮೇಲೆ ಮಾಡಬೇಕಲ್ಲ. ಬರೆದ ಕನ್ನಡವನ್ನು ಓದಿ ಹೇಳುವ ತಂತ್ರಾಂಶವೊಂದನ್ನು ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆ ಬಿಟ್ಟಿದ್ದರು. ದನಿ ತಗಡಿನ ಮೇಲೆ ಮಾತಾಡಿದಂತೆ, ಆದರೆ ಸ್ಪಷ್ಟ. ಪರದೆಯ ಮೇಲೆ ಅದಕ್ಕೊಂದು ಕಿಟಕಿ ಮಾಡಿ, ಮೇಷ್ಟ್ರ ಟೈಪ್‌ರೈಟರಿನ ಜೋಡಣೆಯಲ್ಲಿ ಹೊಡೆದದ್ದು ಅಕ್ಷರವಾಗಿ, ಸಾಲು ಮುಗಿದೊಡನೆ ದನಿಯಾಗುವಂತೆ ಮಾಡಿದರೆ ಮುಗಿಯಿತು. ಯಾವ ಕೀಲಿಗೆ ಯಾವ ಅಕ್ಷರವೆಂದು ನಾನು ಎಲ್ಲೂ ಹುಡುಕಲಿಲ್ಲ. ಕಣ್ಣು ಮುಚ್ಚಿ ಮೇಜಿನ ಮೇಲೆ ಬೆರಳಿಟ್ಟೆ, ಒಂದೊಂದಾಗಿ ನೆನಪಾಯಿತು. ಆ ದಿನಗಳು ಚೆನ್ನಾಗಿದ್ದವು. ನನ್ನ ಕಂಪ್ಯೂಟರಿನಲ್ಲಿ ಬಲುಬೇಗ ಅದು ಮಾತಾಡತೊಡಗಿತು. ಮನೆಯಲ್ಲಿ ಬಹುಕಾಲದ ಮೇಲೆ ಇನ್ನೊಂದು ದನಿ.

ತೊಡಕು ಇದ್ದುದು ಬೇರೆ ಕಡೆ. ನನ್ನ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಲಿನಕ್ಸ್. ಮೇಷ್ಟ್ರದ್ದು ವಿಂಡೋಸ್, ಅದೂ ಹಳೆಯದು, ಅಂತರ್ಜಾಲ ಕಂಡೇ ಇಲ್ಲದ್ದು. ಒಂದರಲ್ಲಿ ಓಡುವ ಪ್ರೋಗ್ರಾಂ ಇನ್ನೊಂದರಲ್ಲಿ ಓಡುವುದಿಲ್ಲ. ಅವರ ಕಂಪ್ಯೂಟರಿಗೂ ಲಿನಕ್ಸ್ ಹಾಕಿಕೊಡಲೇ ಎಂದು ಕೇಳಿದ್ದೆ. ‘ಅದನ್ನು ಮುಟ್ಟಬೇಡ’ ಎಂದು ಟೈಪ್ ಮಾಡಿ ತೋರಿಸಿದ್ದರು. ಲಗ್ನಪತ್ರಿಕೆಯ ಹಳೆಯ ಅಕ್ಷರಗಳು, ಅಂಚುಪಟ್ಟಿಗಳು ಎಲ್ಲ ಇದ್ದುದು ಅದರಲ್ಲೇ, ಅದರಲ್ಲಿ ಮಾತ್ರವೇ. ಮಾತು ಹೋದವರಿಗೆ ಉಳಿದಿದ್ದ ಕೆಲಸ ಅದೊಂದು. ಹಾಗಾಗಿ ನನ್ನ ಲಿನಕ್ಸಿನಲ್ಲಿ ಕೂತುಕೊಂಡೇ ಅವರ ವಿಂಡೋಸಿಗೆ ಪ್ರೋಗ್ರಾಂ ಕಟ್ಟಬೇಕಾಗಿತ್ತು. ಇದಕ್ಕೆ ಕ್ರಾಸ್ ಕಂಪೈಲ್ ಎನ್ನುತ್ತಾರೆ. ಕಟ್ಟುವ ಜಾಗ ಒಂದು, ಓಡುವ ಜಾಗ ಇನ್ನೊಂದು.

ಕಂಪೈಲರೂ ಅದರ ಜೊತೆಯ ಸಲಕರಣೆಗಳೂ ಸೇರಿದ ಗುಂಪಿಗೆ ಟೂಲ್‌ಚೈನ್ ಎಂದು ಹೆಸರು. ನನ್ನ ಮುಂದೆ ಅಂಥವು ಎರಡಿದ್ದವು. ಒಂದು ಹಳೆಯದು, ಜಿಸಿಸಿ ಎಂಬ ಕಂಪೈಲರಿನ ಮೇಲೆ ನಿಂತಿದ್ದು. ಇನ್ನೊಂದು ಹೊಸದು, ಕ್ಲ್ಯಾಂಗ್ ಎಂಬುದರ ಮೇಲೆ ಕಟ್ಟಿದ್ದು. ಎರಡನ್ನೂ ಇಳಿಸಿಕೊಂಡು ನೋಡಿದೆ. ಹಳೆಯದು ಗಡಸು. ಎಲ್ಲೋ ಒಂದು ಕಡೆ ತಪ್ಪಿದರೆ ಪುಟಗಟ್ಟಲೆ ಬೈಗುಳ ಉದುರಿಸಿ ಸುಮ್ಮನಾಗುತ್ತಿತ್ತು, ಏನು ತಪ್ಪೆಂದು ನಾವೇ ಹುಡುಕಿಕೊಳ್ಳಬೇಕು. ಹೊಸದು ಹಾಗಲ್ಲ. ಮೊದಲೇ ಹೇಳಿದೆನಲ್ಲ, ನೀವು ಹೇಳಬೇಕೆಂದಿದ್ದು ಇದನ್ನೇ ಏನು ಎಂದು ಕೇಳುತ್ತಿದ್ದುದು ಅದೇ.

ಯಾವುದು ಮೇಷ್ಟ್ರ ಕಂಪ್ಯೂಟರಿಗೆ ಸರಿಹೋಗುತ್ತದೆ ಎಂದು ನೋಡಿ ಆರಿಸಬೇಕಿತ್ತು. ನಾನು, ಯಾವುದು ನನ್ನ ಜೊತೆ ಮಾತಾಡುತ್ತದೆಂದು ನೋಡಿ ಆರಿಸಿದೆ. ಆಗ ಹಾಗೆ ಅನಿಸಿರಲಿಲ್ಲ. ಹೊಸದು, ವೇಗವಾಗಿದೆ, ಚೊಕ್ಕವಾಗಿದೆ ಎಂದೆಲ್ಲ ಕಾರಣ ಕೊಟ್ಟುಕೊಂಡಿದ್ದೆ. ಕೇಳುವವರಿದ್ದರೆ ತಾನೆ ಆ ಕಾರಣಗಳನ್ನು ಒರೆಗೆ ಹಚ್ಚುವುದು? ಪಾಲಿಟೆಕ್ನಿಕ್ಕಿನಲ್ಲಿದ್ದಾಗ ಇಂಥದ್ದೊಂದು ಬಂದರೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಒಬ್ಬರು ಟೀ ಕುಡಿಯುತ್ತ ‘ಹಳೇ ಸಿಸ್ಟಮ್ಮಾ? ಹಾಗಾದ್ರೆ ಹುಷಾರು’ ಎಂದಾದರೂ ಅನ್ನುತ್ತಿದ್ದರು.

ಲಿನಕ್ಸಿನೊಳಗೇ ವಿಂಡೋಸಿನಂತೆ ನಟಿಸುವ ತಂತ್ರಾಂಶ ಒಂದಿದೆ. ಕಟ್ಟಿದ್ದನ್ನು ಅದರಲ್ಲಿ ಓಡಿಸಿ ನೋಡಿದೆ. ಸಲೀಸಾಗಿ ಮಾತಾಡಿತು. ಪೆನ್‌ಡ್ರೈವಿಗೆ ಹಾಕಿಕೊಂಡು ಅರಕಲಗೂಡಿನ ಬಸ್ಸು ಹತ್ತಿದೆ.

ಅವರ ಮನೆಯಲ್ಲಿ ಆ ದಿನ ನನಗಾಗಿ ಕಡುಬು ಮಾಡಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಸ್ಪೀಕರನ್ನು ಒರೆಸಿ ಇಟ್ಟಿದ್ದರು. ಆಕೆ ಕುರ್ಚಿಯೊಂದನ್ನು ಎಳೆದುಕೊಂಡು, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತರು. ನಾನು ಪ್ರೋಗ್ರಾಮಿನ ಮೇಲೆ ಒತ್ತಿದೆ. ಕಿಟಕಿ ತೆರೆಯಲಿಲ್ಲ. ಬೇಕಾದ ಒಂದು ಕಡತ ಈ ಕಂಪ್ಯೂಟರಿನಲ್ಲಿ ಇಲ್ಲವೆಂದು ಒಂದು ಸಣ್ಣ ಚೌಕ ಬಂತು. ಮತ್ತೆ ಒತ್ತಿದೆ. ಮತ್ತದೇ ಚೌಕ.

‘ಏನಂತಾರವ್ವ?’ ಎಂದರು ಆಕೆ. ಚೌಕದೊಳಗಿರುವುದೂ ಗಂಡ ಬರೆದದ್ದೇ ಇರಬೇಕೆಂದುಕೊಂಡಿದ್ದರು.

‘ಇವತ್ತು ಆಗೋದಿಲ್ಲ ಅಂತಿದೆ ಅಮ್ಮ.’

‘ಆಗ್ಲಿ ಬುಡು. ಕಡುಬು ತಿನ್ನು.’

ತಪ್ಪು ಏನೆಂದು ನನಗೆ ಆಗಲೇ ಹೊಳೆದಿತ್ತು. ಪ್ರತಿ ಪ್ರೋಗ್ರಾಮೂ ಓಡುವಾಗ ಆ ಕಂಪ್ಯೂಟರಿನಲ್ಲಿ ಮೊದಲೇ ಇರುವ ಕೆಲವು ಕಡತಗಳ ಮೇಲೆ ಒರಗಿಕೊಳ್ಳುತ್ತದೆ. ಹೊಸ ಟೂಲ್‌ಚೈನ್ ಒರಗಿಕೊಳ್ಳುವುದು ಹೊಸ ವಿಂಡೋಸಿನಲ್ಲಿರುವ ಕಡತಗಳ ಮೇಲೆ. ಮೇಷ್ಟ್ರದ್ದರಲ್ಲಿ ಅವು ಇರಲೇ ಇಲ್ಲ. ನನ್ನ ಮನೆಯ ನಟಿಸುವ ವಿಂಡೋಸಿನಲ್ಲಿ ಇದ್ದವು, ಹಾಗಾಗಿ ಅಲ್ಲಿ ಎಲ್ಲ ಸರಿಯಾಗಿ ನಡೆದಿತ್ತು. ಕಡುಬು ತಿಂದು ಎದ್ದೆ. ಬರುವಾಗ ಮೇಷ್ಟ್ರು ಬಸ್ ಸ್ಟ್ಯಾಂಡಿನವರೆಗೂ ಬಂದರು. ದಾರಿಯುದ್ದಕ್ಕೂ ನಾನೇ ಏನೇನೋ ಹೇಳಿದೆ, ರನ್‌ಟೈಮು, ಲೈಬ್ರರಿ ಎಂದು. ಅವರು ತಲೆಯಾಡಿಸುತ್ತ ಬಂದರು. ಒಮ್ಮೆ ತೋಳಿನ ಮೇಲೆ ಮೆಲ್ಲಗೆ ತಟ್ಟಿದರು. ಬಸ್ಸು ಹೊರಟ ಮೇಲೆ ನನಗೆ ಅನಿಸಿತು, ಇಷ್ಟು ಹೊತ್ತು ಒಬ್ಬರು ನನ್ನ ಮಾತು ಕೇಳಿಸಿಕೊಂಡು ಎಷ್ಟು ದಿನವಾಗಿತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ ಎಂದೂ ಅನಿಸಿತು.

ಮನೆಗೆ ಬಂದು ಹೊಸ ಟೂಲ್‌ಚೈನನ್ನು ತೆಗೆದು ಪಕ್ಕಕ್ಕಿಟ್ಟೆ. ಆ ಕಾಣೆಯಾದ ಕಡತಗಳನ್ನೂ ಒಯ್ದು ಮೇಷ್ಟ್ರ ಕಂಪ್ಯೂಟರಿಗೆ ತುಂಬಿಸಬಹುದಿತ್ತು. ಆದರೆ ಮುಟ್ಟಬೇಡ ಎಂದಿದ್ದರು. ಅವರ ಲಗ್ನಪತ್ರಿಕೆಗಳಿಗೆ ಏನಾದರೂ ಆದರೆ ಎಂಬ ಭಯ. ಹಳೆಯ ಟೂಲ್‌ಚೈನ್ ಒರಗಿಕೊಳ್ಳುವುದು ಎಲ್ಲ ವಿಂಡೋಸಿನಲ್ಲೂ ಮೊದಲಿಂದ ಇರುವ ಕಡತದ ಮೇಲೆ. ಅದನ್ನೇ ಹಿಡಿದೆ.

ಆ ವಾರಗಳು ಬೇಸರದವು. ಪ್ರಶ್ನೆ ಕೇಳುತ್ತಿದ್ದ ಆ ಕಂಪೈಲರೂ ಇಲ್ಲವಾಯಿತು. ಹೊಸದರಲ್ಲಿ ಸುಲಭವಾಗಿ ಕಟ್ಟಿಕೊಂಡಿದ್ದು ಹಳೆಯದರಲ್ಲಿ ಸಾಲುಸಾಲಾಗಿ ಮುರಿದುಬಿತ್ತು. ಬೆಳಿಗ್ಗೆ ಕೂತರೆ ಮಧ್ಯಾಹ್ನದವರೆಗೆ ಒಂದು ತಪ್ಪಿನ ಮೂಲ ಹುಡುಕುವುದು, ಅನ್ನ ಸಾರು ಬಿಸಿಮಾಡಿಕೊಂಡು ಉಣ್ಣುವುದು, ಮತ್ತೆ ಕೂರುವುದು. ಸಾಯಂಕಾಲ ಹೊಳೆಯ ಸೇತುವೆಯವರೆಗೆ ನಡೆದುಹೋಗಿ ಬರುತ್ತಿದ್ದೆ. ಅಲ್ಲಿ ದಿನವೂ ಕಾಣುವ ಮುಖಗಳಿದ್ದವು. ನಾವು ತಲೆಯಾಡಿಸುತ್ತಿದ್ದೆವು, ಅಷ್ಟೆ. ಕೊನೆಗೆ ಕಟ್ಟಿಕೊಂಡಿತು. ವಿಂಡೋಸಿನ ಆ ಹಳೆಯ ಕಡತ ಬಿಟ್ಟು ಬೇರೆ ಯಾವುದನ್ನೂ ಕೇಳದ ಹಾಗೆ ಎಲ್ಲವನ್ನೂ ಒಂದರೊಳಗೇ ಸೇರಿಸಿದೆ.

ಈ ಸಲ ನಟಿಸುವ ವಿಂಡೋಸನ್ನು ನಂಬಲಿಲ್ಲ. ಚನ್ನರಾಯಪಟ್ಟಣದಲ್ಲಿ ಹಳೆಯ ಕಂಪ್ಯೂಟರ್ ಕೊಂಡು ಮಾರುವ ಅಂಗಡಿಯೊಂದಿತ್ತು. ಅಲ್ಲಿಗೆ ಹೋದೆ. ಮುಂದಿನ ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಲಾರಿಗಳು ಸಾಲಾಗಿ ನಿಂತಿದ್ದವು. ಇರುವುದರಲ್ಲೆಲ್ಲ ಹಳೆಯ ವಿಂಡೋಸ್ ಇರುವುದು ಯಾವುದು ಎಂದು ಕೇಳಿದೆ. ಅಂಗಡಿಯಾತ ಮೂಲೆಯೊಂದನ್ನು ತೋರಿಸಿದ.

‘ಅದ್ನ ತಗೊಂಡ್ ಏನ್ ಮಾಡ್ತೀರಾ ಮೇಡಂ, ಒಳ್ಳೇದು ಕೊಡ್ತೀನಿ.’

‘ಕೊಂಡುಕೊಳ್ಳೋಕಲ್ಲ. ನನ್ನದೊಂದು ಪ್ರೋಗ್ರಾಂ ಅದರಲ್ಲಿ ಓಡುತ್ತಾ ನೋಡಬೇಕು.’

ಆತ ನನ್ನನ್ನೂ ಪೆನ್‌ಡ್ರೈವನ್ನೂ ನೋಡಿದ. ‘ವೈರಸ್ ಗಿರಸ್ ಇಲ್ಲ ತಾನೆ?’ ಎಂದು ಕೇಳಿ, ಧೂಳು ಕೊಡವಿ ಪ್ಲಗ್ ಹಾಕಿಕೊಟ್ಟ.

ಕಿಟಕಿ ತೆರೆಯಿತು. ಕಡತ ಇಲ್ಲವೆಂಬ ಚೌಕ ಬರಲಿಲ್ಲ. ಮೇಷ್ಟ್ರು ತಮ್ಮ ಫೋಲ್ಡರುಗಳಿಗೆಲ್ಲ ಕನ್ನಡದಲ್ಲೇ ಹೆಸರಿಡುವುದನ್ನು ನೋಡಿದ್ದೆ. ಹಾಗಾಗಿ ಅಲ್ಲೂ ‘ಮಾತು’ ಎಂಬ ಫೋಲ್ಡರ್ ಮಾಡಿ ಪ್ರೋಗ್ರಾಮನ್ನು ಅದರೊಳಗೆ ಹಾಕಿ ಓಡಿಸಿದೆ. ಸಾಲು ಹೊಡೆದರೆ ದನಿಯೇ ಇಲ್ಲ. ಕೆಳಗೆ ನೋಡಿದರೆ, ಅದು ಹುಡುಕುತ್ತಿದ್ದ ಫೋಲ್ಡರಿನ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ವಿಂಡೋಸಿನ ಆ ಹಳೆಯ ಕಡತಕ್ಕೆ ಕನ್ನಡ ಅಕ್ಷರ ಗೊತ್ತಿರಲಿಲ್ಲ, ಗೊತ್ತಿಲ್ಲದ ಪ್ರತಿ ಅಕ್ಷರಕ್ಕೂ ಒಂದೊಂದು ಪ್ರಶ್ನೆ ಹಾಕಿ ಕೈಬಿಟ್ಟಿತ್ತು. ನಾನು ಪ್ರೋಗ್ರಾಂ ಮುಚ್ಚಿ ಪೆನ್‌ಡ್ರೈವ್ ತೆಗೆದುಕೊಂಡೆ. ಅಂಗಡಿಯಾತ ಟೀ ತರಿಸಿ ಮುಂದಿಟ್ಟ.

ಮನೆಗೆ ಬಂದು, ಹೆಸರುಗಳನ್ನು ಓದುವ ಕಡೆಯೆಲ್ಲ ವಿಂಡೋಸಿನ ಬೇರೆ ದಾರಿ ಹಿಡಿದು ಬರೆದೆ. ಬೇಕಾದ ದಾರಿ ಇದ್ದೇ ಇತ್ತು, ನಾನು ಹಿಡಿದಿರಲಿಲ್ಲ. ಮತ್ತೆ ಚನ್ನರಾಯಪಟ್ಟಣಕ್ಕೆ ಹೋದೆ. ಈ ಸಲ ‘ಬಾಗಿಲು ಹಾಕಿಕೋ’ ಎಂದು ಹೊಡೆದೆ. ತಗಡಿನ ದನಿ ಅಂಗಡಿ ತುಂಬ ಹೇಳಿತು. ಗಿರಾಕಿಯೊಬ್ಬರು ತಿರುಗಿ ಬಾಗಿಲ ಕಡೆ ನೋಡಿದರು.

‘ಯಾರ್ದು ಮೇಡಂ ಅದು ದನಿ?’ ಎಂದ ಅಂಗಡಿಯಾತ.

ನಾನು ಮೇಷ್ಟ್ರ ವಿಷಯ ಹೇಳಿದೆ. ಆತ ಮೂಲೆಯಲ್ಲಿದ್ದ ಒಂದು ಜೊತೆ ಸ್ಪೀಕರನ್ನು ತೆಗೆದು ಕವರಿಗೆ ಹಾಕಿದ. ‘ಅವ್ರತ್ರ ಇರೋದು ಹೆಂಗೈತೋ ಏನೋ. ಇದು ದೊಡ್ಡದಾಗಿ ಕೇಳ್ತದೆ. ತಗೊಂಡ್ ಓಗಿ’ ಎಂದ.

ಅರಕಲಗೂಡಿಗೆ ಹೋದಾಗ ಈ ಬಾರಿ ಮೊದಲೇ ತಿಳಿಸಿರಲಿಲ್ಲ. ಇನ್ನೊಮ್ಮೆ ಇಸ್ತ್ರಿ ಅಂಗಿ, ಕಡುಬು ಬೇಡವಾಗಿತ್ತು. ಮೇಷ್ಟ್ರು ಲಗ್ನಪತ್ರಿಕೆಯೊಂದನ್ನು ಹೊಂದಿಸುತ್ತಿದ್ದರು. ಆಕೆ ಒಳಗೆ ಸೊಪ್ಪು ಬಿಡಿಸುತ್ತಿದ್ದವರು ಅಲ್ಲಿಂದಲೇ ‘ಬಂದ್ಯಾ, ಕುಂತ್ಕೊ’ ಎಂದರು. ಸ್ಪೀಕರ್ ಹಾಕಿ, ಪ್ರೋಗ್ರಾಂ ತೆರೆದು, ಕೀಲಿಮಣೆಯನ್ನು ಮೇಷ್ಟ್ರ ಕಡೆ ತಳ್ಳಿದೆ.

ಅವರು ಬೆನ್ನು ನೆಟ್ಟಗೆ ಮಾಡಿ ಕೂತು ಹೊಡೆದರು. ದನಿ ಹೇಳಿತು: ‘ನನಗೆ ಒಂದು ಲೋಟ ನೀರು ಬೇಕಾಗಿದೆ.’

ಆಕೆ ಹೊರಬಂದು ತಲೆಬಾಗಿಲ ಕಡೆ ನೋಡಿದರು. ‘ಯಾರವ್ವ ಬಂದವ್ರು? ನೀರ್ ಕೇಳ್ದಂಗಾಯ್ತು.’

‘ಮೇಷ್ಟ್ರೇ ಅಮ್ಮ. ಅವರೇ ಕೇಳಿದ್ದು.’

ಆಕೆ ಗಂಡನನ್ನು ನೋಡಿದರು, ಸ್ಪೀಕರನ್ನು ನೋಡಿದರು. ಮೇಷ್ಟ್ರು ಇನ್ನೊಂದು ಹೊಡೆದರು. ‘ದಯವಿಟ್ಟು ಇಲ್ಲಿಗೆ ಬಂದು ಕುಳಿತುಕೊಳ್ಳುವುದು.’

‘ಬಸ್ ಸ್ಟ್ಯಾಂಡಲ್ಲಿ ಕೂಗ್ದಂಗದೆ. ಇವ್ರು ಇಂಗ್ ಮಾತಾಡ್ತಿದ್ರಾ?’ ಎಂದು ಆಕೆ ನನ್ನನ್ನೇ ಕೇಳಿದರು. ಮುಖದಲ್ಲಿ ಇದ್ದುದು ನಿರಾಸೆಯಲ್ಲ, ಸಂಕೋಚ. ಪರಪುರುಷನೊಬ್ಬ ಮನೆಯೊಳಗೆ ಬಂದು ಆಜ್ಞೆ ಮಾಡಿದರೆ ಆಗುವಂಥದ್ದು.

ಮೇಷ್ಟ್ರು ಕೈ ಮಡಿಲಲ್ಲಿಟ್ಟುಕೊಂಡರು. ಬದುಕಿಡೀ ಅರ್ಜಿ ಟೈಪ್ ಮಾಡಿದವರು. ಕೀಲಿಮಣೆಯ ಮುಂದೆ ಕೂತರೆ ಬೆರಳಿಗೆ ಬರುವುದು ಅರ್ಜಿಯ ಕನ್ನಡವೇ. ಇಷ್ಟೆಲ್ಲ ಮಾಡಿ ನಾನು ಇವರ ಮನೆಗೆ ಇನ್ನೊಬ್ಬ ಪಕ್ಕದ ಮನೆಯವನನ್ನು ತಂದು ಕೂರಿಸಿದೆನಲ್ಲ ಎಂದುಕೊಂಡೆ. ಹೇಗೆ ಹೇಳುವುದೆಂದು ತೋಚದೆ, ಕೊನೆಗೆ ಹೇಳಿಯೇಬಿಟ್ಟೆ.

‘ಮೇಷ್ಟ್ರೇ, ಬರೆಯೋ ಹಾಗಲ್ಲ. ಮಾತಾಡೋ ಹಾಗೆ ಹೊಡೀರಿ. ತಪ್ಪಾದರೆ ಆಗಲಿ.’

ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಒಂದು ದೀರ್ಘದ ಗುರುತು ತಪ್ಪಿದರೂ ಹಾಳೆ ಹರಿದವರು ಅವರು. ಬೆರಳನ್ನು ಕೀಲಿಯ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟರು. ಮೊದಲ ಬಾರಿಗೆ ಕೀಲಿಗಳನ್ನು ನೋಡಿಕೊಂಡು, ಹೊಸಬರಂತೆ ಒಂದೊಂದಾಗಿ ಒತ್ತಿದರು. ದನಿ ಹೇಳಿತು: ‘ವಸಿ ನೀರ್ ಕೊಡಮ್ಮಿ.’

ಆಕೆ ಒಳಗೆ ಹೋದರು. ತಿರುಗಿ ನನ್ನನ್ನು ನೋಡಲಿಲ್ಲ. ಚೊಂಬು ಲೋಟ ತಂದು ಗಂಡನ ಮುಂದೆ ಹಿಡಿದು ನಿಂತರು. ಲೋಟವನ್ನು ಕೊಡಲು ಮರೆತಿದ್ದರು.

‘ಇನ್ನೊಂದ್ಸಲ ಅನ್ನಿ’ ಎಂದರು ಮೆಲ್ಲಗೆ, ಅವರಿಗೆ.

ಮೇಷ್ಟ್ರು ಅಂದರು. ಆಮೇಲೆ ಅವರ ಬೆರಳು ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿದ್ದಾಗ ಆಕೆ ಕೊಟ್ಟಿಗೆಯ ಒಂದು ಹಸುವನ್ನು ಮಾರಿದ್ದರಂತೆ. ಅದನ್ನು ಎತ್ತಿದರು. ‘ಕೆಂದ ಹಸ ಯಾಕ್ ಮಾರ್ದೆ, ಹಾಲ್ ಕೊಡದು ಅದೇ ಅಲ್ವಾ’ ಎಂದಿತು ದನಿ.

‘ನಾನೊಬ್ಳೇ ಮೇಯ್ಸಕ್ಕಾಯ್ತಿತ್ತಾ? ನಿಮ್ ತಾವ ಇರ್ನಾ, ಹಸಿನ್ ತಾವ ಇರ್ನಾ?’

‘ಕೇಳ್ಬೇಕಿತ್ತು ನನ್ನ.’

‘ಎಂಗ್ ಕೇಳಾದು? ನೀವೇನ್ ಹೇಳ್ತೀರ ಅಂತ ಯಾರತ್ರ ಓದಿಸ್ಲಿ ನಾನು?’

ಮೇಷ್ಟ್ರು ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಬಹಳ ಹೊತ್ತು ಹೊಡೆದರು. ದನಿ ಏನೋ ಹೇಳಹೊರಟಿತು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಅದು ನಾನು ಕೇಳಿಸಿಕೊಳ್ಳಬೇಕಾದದ್ದಲ್ಲ. ಜಗಲಿಯಲ್ಲಿ ಸ್ವಲ್ಪ ಹೊತ್ತು ನಿಂತೆ. ಒಳಗಿನಿಂದ ಒಮ್ಮೆ ಆ ತಗಡಿನ ದನಿ, ಒಮ್ಮೆ ಆಕೆಯದು, ಒಮ್ಮೆ ನಗುವೋ ಅಳುವೋ ತಿಳಿಯದ್ದು. ಯಾರೂ ನನ್ನನ್ನು ಕರೆಯಲಿಲ್ಲ. ಕರೆಯದಿದ್ದುದೇ ಸರಿ ಎಂದು ಗೊತ್ತಿತ್ತು. ಆದರೂ, ಕರೆದಾರೇನೋ ಎಂದು ಚಪ್ಪಲಿ ಮೆಟ್ಟಿಕೊಳ್ಳುವುದನ್ನು ತಡಮಾಡಿದೆ. ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಬಸ್ಸಿನಲ್ಲಿ ಜೋಳದ ಮೂಟೆಗಳ ನಡುವೆ ಒಂದು ಸೀಟು ಸಿಕ್ಕಿತು.

ಮೊದಮೊದಲು ಪಕ್ಕದ ಮನೆಯವರ ಫೋನಿನಿಂದ ಸಂದೇಶಗಳು ಬಂದವು. ದನಿ ಓಡುತ್ತದೆ, ನಿಧಾನ ಮಾಡು. ಈಕೆ ಕೊಟ್ಟಿಗೆಯಲ್ಲಿದ್ದರೆ ಕೇಳುವುದಿಲ್ಲ, ಒಂದು ಕೀಲಿ ಒತ್ತಿದರೆ ಜೋರಾಗುವ ಹಾಗೆ ಮಾಡು. ನಾನು ಹಳೆಯ ಟೂಲ್‌ಚೈನಿನಲ್ಲೇ ಮಾಡಿ ಕಳಿಸಿದೆ, ಪಕ್ಕದ ಮನೆಯವರು ಹಾಕಿಕೊಟ್ಟರು. ಆಮೇಲೆ ಸಂದೇಶಗಳು ನಿಂತವು. ನಾನು ಪಂಪುಗಳ ಕೆಲಸಕ್ಕೆ ಮರಳಿದೆ. ಸರಿಯಾಗಿ ನಡೆಯುತ್ತಿರುವ ಪ್ರೋಗ್ರಾಂ ಬರೆದವರಿಗೆ ಯಾರೂ ಫೋನ್ ಮಾಡುವುದಿಲ್ಲ. ಏನಾದರೂ ಕೆಟ್ಟರೆ ಮಾತ್ರ ನಮ್ಮ ನೆನಪು. ಒಂದೊಂದು ದಿನ, ಸಣ್ಣದಾಗಿ ಏನಾದರೂ ಕೆಡಬಾರದೇ ಎಂದು ಅನಿಸಿದ್ದೂ ನಿಜ. ಒಂದು ಅಕ್ಷರ ತಪ್ಪು ಉಚ್ಚಾರವಾದರೂ ಸಾಕಿತ್ತು.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ಆಕೆಯ ದನಿ.

‘ಏನಾದರೂ ಕೆಟ್ಟಿದೆಯಾ ಅಮ್ಮ?’ ಎಂದೆ. ಬೇಕಾದ್ದನ್ನೆಲ್ಲ ತೆರೆಯಲು ಕೈ ಆಗಲೇ ಮೌಸಿನ ಮೇಲಿತ್ತು.

‘ಏನೂ ಕೆಟ್ಟಿಲ್ಲ ಕಣವ್ವ. ಸುಮ್ಕೆ ಮಾಡ್ದೆ. ಫೋನು ನಮ್ದೇ, ಹೊಸಾದು. ಇರು, ಇವ್ರೇನೋ ಅಂತಾರೆ.’

ಫೋನನ್ನು ಸ್ಪೀಕರಿನ ಹತ್ತಿರ ಹಿಡಿದರೆಂದು ಕಾಣುತ್ತದೆ. ಮಳೆಯ ಸದ್ದು ಕೇಳಿತು, ಅಲ್ಲಿಯದೋ ಇಲ್ಲಿಯದೋ. ಅದರ ನಡುವೆ ಕೀಲಿಗಳನ್ನು ಒತ್ತುವ ಸದ್ದು. ತಗಡಿನ ದನಿ ಹೇಳಿತು: ‘ಕಣ್ಣು ಎಂಗದೆ ಈಗ? ಅವತ್ತು ಆಸ್ಪತ್ರೇಲಿ ಯಾರೂ ಜೊತೇಲಿರ್ಲಿಲ್ಲ.’

ನಾನು ಹೇಳಿದೆ. ಕನ್ನಡಕ ಬದಲಾಗಿದೆ, ಹನಿ ಹಾಕಿಕೊಳ್ಳುತ್ತಿದ್ದೇನೆ, ಸಂಜೆಯ ಹೊತ್ತು ಅಕ್ಷರ ಸ್ವಲ್ಪ ಅಲುಗುತ್ತದೆ. ಅಮ್ಮ ಹೋದ ಮೇಲೆ ಯಾರಿಗೂ ಹೇಳಿರದ ಪುಟ್ಟ ಪುಟ್ಟ ಸಂಗತಿಗಳು. ಹೇಳಿ ಮುಗಿಸಿದೆ. ಆ ಕಡೆ ಮೌನ. ಆಮೇಲೆ ಮತ್ತೆ ಕೀಲಿಗಳು ಶುರುವಾದವು.

ನೆಂಟರಿಷ್ಟರಿಗೆ ಫೋನ್ ಮಾಡಿದರೆ ಈ ಮೌನದಲ್ಲಿ ಎಲ್ಲರೂ ಲೈನ್ ಹೋಯಿತೆಂದು ಇಟ್ಟುಬಿಡುತ್ತಾರಂತೆ. ಆಕೆ ಆಮೇಲೆ ಹೇಳಿದರು. ಮೇಷ್ಟ್ರ ಉತ್ತರ ಉದ್ದವಾಗಿರುತ್ತದೆ, ಬರುವುದು ನಿಧಾನ. ನನಗೆ ಕಾಯುವುದು ಕಷ್ಟವಲ್ಲ. ಫೋನನ್ನು ಮೇಜಿನ ಮೇಲಿಟ್ಟು ಕಿಟಕಿ ಮುಚ್ಚಿ ಬಂದು ಕೂತರೂ ಅವರ ಸಾಲು ಇನ್ನೂ ಮುಗಿದಿರುವುದಿಲ್ಲ.